ತಿಂಗಳಿಗೆ 3,000 ರೂಪಾಯಿಯಲ್ಲಿ ಒಂದು ಮಗು: ನಮ್ಮ ಗೃಹದ ನೋಂದಣಿ ನವೀಕರಿಸಬೇಕೇ, ಬಾಗಿಲು ಹಾಕಬೇಕೇ?

ಮೂಲ ಬರಹ: ಹೆಣ್ಣುಮಕ್ಕಳ ಗೃಹವೊಂದರ ಕಾರ್ಯದರ್ಶಿ, ಕೊರಟಗೆರೆ ಕಡೆಯವರು

ಎಲ್ಲರಿಗೂ ನಮಸ್ಕಾರ. ಹಳ್ಳಿಯೊಂದರ ಅಂಚಿನಲ್ಲಿ, ನಮ್ಮ ತಂದೆಯವರು ಬಿಟ್ಟುಹೋದ ಹೆಂಚಿನ ಮನೆಯಲ್ಲೂ ಅದರ ಮಗ್ಗುಲಿಗೆ ದಾನಿಗಳು ಕಟ್ಟಿಸಿಕೊಟ್ಟ ತಾರಸಿಯ ಕೊಠಡಿಗಳಲ್ಲೂ ನಾವು ಹೆಣ್ಣುಮಕ್ಕಳ ಗೃಹವೊಂದನ್ನು ನಡೆಸಿಕೊಂಡು ಬಂದಿದ್ದೇವೆ. ಬಾಲನ್ಯಾಯ ಕಾಯ್ದೆಯಡಿ 25 ಮಕ್ಕಳಿಗೆ ನೋಂದಣಿಯಾಗಿದ್ದು, ಈಗ 22 ಮಕ್ಕಳಿದ್ದಾರೆ. ಇವರಲ್ಲಿ ತಂದೆ ತಾಯಿ ಇಬ್ಬರೂ ಇಲ್ಲದವರು ಐವರು ಮಾತ್ರ. ಉಳಿದವರಿಗೆ ತಾಯಿಯೋ ಅಜ್ಜಿಯೋ ಇದ್ದಾರೆ. ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ಬೆಂಗಳೂರಿನ ಗಾರೆ ಕೆಲಸಕ್ಕೋ ಇಟ್ಟಿಗೆ ಗೂಡಿಗೋ ಹೋದ ತಾಯಂದಿರು, ಹನ್ನೆರಡು ಹದಿಮೂರು ವರ್ಷದ ಮಗಳನ್ನು ತಗಡಿನ ಶೆಡ್ಡಿನಲ್ಲಿ ಒಬ್ಬಳನ್ನೇ ಬಿಟ್ಟು ಕೆಲಸಕ್ಕೆ ಹೋಗಲು ಹೆದರಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು ನಿಂತವರು. ಸಮಿತಿಯ ಆದೇಶದ ಮೇಲೆ ಆ ಮಕ್ಕಳು ನಮ್ಮಲ್ಲಿಗೆ ಬಂದಿದ್ದಾರೆ.

ನಮ್ಮ ನೋಂದಣಿಯ 5 ವರ್ಷದ ಅವಧಿ ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಅಷ್ಟರೊಳಗೆ ನಾನು ಒಂದು ತೀರ್ಮಾನಕ್ಕೆ ಬರಬೇಕಾಗಿದೆ. ಇಲ್ಲಿ ಈ ಕೆಲಸ ಬಲ್ಲವರು ಹಲವರಿರುವುದರಿಂದ ಲೆಕ್ಕವನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ ಗೃಹದಲ್ಲಿರುವ ಮಗುವಿನ ನಿರ್ವಹಣೆಗೆ ತಿಂಗಳಿಗೆ 3,000 ರೂಪಾಯಿ, ಅಂದರೆ ದಿನಕ್ಕೆ 100 ರೂಪಾಯಿ. ಬೆಳಗಿನ ತಿಂಡಿ, ಮಧ್ಯಾಹ್ನ ರಜೆಯ ದಿನಗಳ ಊಟ, ರಾತ್ರಿಯ ಮುದ್ದೆ ಸಾರು, ಹಾಲು, ವಾರಕ್ಕೆ ಎರಡು ದಿನ ಮೊಟ್ಟೆ, ಸೋಪು, ತಲೆಗೆಣ್ಣೆ, ಸ್ಯಾನಿಟರಿ ಪ್ಯಾಡು, ಒಳಉಡುಪು, ಚಪ್ಪಲಿ, ನೋಟ್‌ಬುಕ್ಕು, ಜ್ವರ ಬಂದರೆ ಔಷಧ, ತಾಯಿಯನ್ನು ನೋಡಲು ಹೋಗುವಾಗ ಬಸ್ ಚಾರ್ಜು, ಎಲ್ಲಕ್ಕೂ ಅದೇ ನೂರು. ನಮ್ಮ ನಿಜವಾದ ಖರ್ಚು ಸಿಬ್ಬಂದಿಯ ಸಂಬಳವೂ ಸೇರಿ ಮಗುವೊಂದಕ್ಕೆ ಆರೂವರೆ ಸಾವಿರದ ಆಸುಪಾಸು. ಇದರ ಮೇಲೆ ಅನುದಾನದ ಕಂತು ಕಳೆದ ವರ್ಷ ಏಳು ತಿಂಗಳು ತಡವಾಗಿ ಕೈ ಸೇರಿತು. ಕಿರಾಣಿ ಅಂಗಡಿಯವರು ನಮ್ಮನ್ನು ನಂಬಿ ಉದ್ರಿ ಕೊಟ್ಟಿದ್ದರಿಂದ ಒಲೆ ಆರಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಇದಕ್ಕೂ ಮೊದಲು. ನಮ್ಮ ಆಯವ್ಯಯದ ಮೂರರಲ್ಲಿ ಒಂದು ಪಾಲು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಮೂಲಕ ಬರುತ್ತಿತ್ತು. ಅವರಿಗೆ ವಿದೇಶದಿಂದ ಬಂದ ದೇಣಿಗೆಯನ್ನು ನಮ್ಮಂಥ ಹಳ್ಳಿಯ ಗೃಹಗಳಿಗೆ ಹಂಚುತ್ತಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿಯಾಗಿ, ಹಾಗೆ ಒಂದು ಸಂಸ್ಥೆ ಇನ್ನೊಂದಕ್ಕೆ ಹಣ ಕೊಡುವುದೇ ನಿಷಿದ್ಧವಾಯಿತು. ಆ ವರ್ಷದ ದೀಪಾವಳಿಯ ಹೊತ್ತಿಗೆ ನಮ್ಮ ಆಪ್ತಸಮಾಲೋಚಕಿಗೆ ಪೂರ್ತಿ ಸಂಬಳ ಕೊಡಲಾಗದೆ ವಾರಕ್ಕೆ ಎರಡು ದಿನ ಬನ್ನಿ ಎಂದು ಕೇಳಿಕೊಂಡೆ. ಈ ವರ್ಷ ಅವರು ಖಾಸಗಿ ಶಾಲೆಯೊಂದಕ್ಕೆ ಸೇರಿಕೊಂಡರು. ಅವರನ್ನು ದೂರುವ ಮನಸ್ಸು ನನಗಿಲ್ಲ.

ಈಗ ನವೀಕರಣಕ್ಕೆ ಕಟ್ಟಡದ ಅಳತೆಯನ್ನು ಮತ್ತೆ ನೋಡುತ್ತಾರೆ. ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರ ಅಡಿ, ಏಳು ಮಕ್ಕಳಿಗೊಂದು ಶೌಚಾಲಯ, ಹತ್ತು ಮಕ್ಕಳಿಗೊಂದು ಬಚ್ಚಲು, ಅನಾರೋಗ್ಯದ ಮಕ್ಕಳಿಗೆ ಬೇರೆ ಕೋಣೆ, ಸಮಾಲೋಚನೆಗೆ ಬೇರೆ ಕೋಣೆ, ಗ್ರಂಥಾಲಯ, ಆಟದ ಜಾಗ. ಇವುಗಳಲ್ಲಿ ಒಂದನ್ನೂ ನಾನು ಅನಾವಶ್ಯಕ ಎನ್ನುವುದಿಲ್ಲ. ಚಿಕನ್‌ಪಾಕ್ಸ್ ಬಂದ ಮಗುವನ್ನು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಮಲಗಿಸಿದ ರಾತ್ರಿ ನನಗೆ ನೆನಪಿದೆ. ಆದರೆ ಎರಡು ಶೌಚಾಲಯ, ಒಂದು ಆರೋಗ್ಯ ಕೋಣೆ, ಅಗ್ನಿಶಾಮಕ ಇಲಾಖೆಯ ಎನ್‌ಒಸಿಗೆ ಬೇಕಾದ ಎರಡನೆಯ ಮೆಟ್ಟಿಲು, ಇಷ್ಟಕ್ಕೆ ಮೇಸ್ತ್ರಿ ಹೇಳಿರುವ ಮೊತ್ತ ಒಂಬತ್ತು ಲಕ್ಷ. ಟ್ರಸ್ಟಿನ ಖಾತೆಯಲ್ಲಿ ಅದರ ಕಾಲು ಭಾಗವೂ ಇಲ್ಲ.

ಸಾಲ ಮಾಡಿ ಕಟ್ಟಿಸಬೇಕೇ? ಮಕ್ಕಳ ಸಂಖ್ಯೆಯನ್ನು ಇಳಿಸಿ ಅರ್ಜಿ ಹಾಕಬೇಕೇ? ಅಥವಾ ಗೃಹವನ್ನು ಬಿಟ್ಟುಕೊಟ್ಟು, 8 ಮಕ್ಕಳಿಗೆ ಮೀರದ ಸಾಮೂಹಿಕ ಪೋಷಕತ್ವಕ್ಕೆ, ಅಂದರೆ ಚಿಕ್ಕ ಗುಂಪನ್ನು ಮನೆಯಂತೆ ನೋಡಿಕೊಳ್ಳುವ ವ್ಯವಸ್ಥೆಗೆ, ಬದಲಾಗಬೇಕೇ? ಹಾಗೆ ಮಾಡಿದರೆ ಉಳಿದ ಹದಿನಾಲ್ಕು ಮಕ್ಕಳು ಎಲ್ಲಿಗೆ ಹೋಗಬೇಕು? ನಿಮ್ಮ ಅಭಿಪ್ರಾಯ ತಿಳಿಸಿ.

ಉತ್ತರ 1: ಮಕ್ಕಳ ಕಲ್ಯಾಣ ಸಮಿತಿಯೊಂದರ ಮಾಜಿ ಸದಸ್ಯರು, ಕುಣಿಗಲ್

ಕಾರ್ಯದರ್ಶಿಯವರಿಗೆ ನಮಸ್ಕಾರ. ನೀವು ನಿಯಮಗಳನ್ನು ಹಳಿಯದೆ ಬರೆದಿರುವುದರಿಂದ ನನಗೆ ಮಾತನಾಡುವುದು ಸುಲಭವಾಗಿದೆ. ಏಕೆಂದರೆ ಈ ಚರ್ಚೆ ಬಹಳ ಸಲ "ಒಳ್ಳೆಯ ಕೆಲಸ ಮಾಡುವವರಿಗೆ ಕಿರುಕುಳ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹಾಗೆ ನಿಲ್ಲಿಸುವುದು ತಪ್ಪು.

ಈ ಕಟ್ಟುನಿಟ್ಟು ಎಲ್ಲಿಂದ ಬಂತು ಎಂಬುದನ್ನು ಹೊಸಬರಿಗಾಗಿ ಹೇಳುತ್ತೇನೆ. 2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಂದು ಜಾರಿಗೆ ಬಂತು. ಅದರ 41ನೇ ಸೆಕ್ಷನ್ ಪ್ರಕಾರ, ಸರ್ಕಾರದ್ದಿರಲಿ ಖಾಸಗಿಯದಿರಲಿ, ಅನುದಾನ ಪಡೆಯಲಿ ಪಡೆಯದಿರಲಿ, ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ನೋಂದಾಯಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ 42ನೇ ಸೆಕ್ಷನ್‌ನಡಿ ಒಂದು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಆ ಮೇಲೆ ಕೇಂದ್ರ ಸರ್ಕಾರ ದೇಶದ ಗೃಹಗಳನ್ನೆಲ್ಲ ಲೆಕ್ಕ ಹಾಕಿಸಿದಾಗ 9,589 ಸಂಸ್ಥೆಗಳು ಸಿಕ್ಕವು, ಹತ್ತರಲ್ಲಿ ಒಂಬತ್ತು ಖಾಸಗಿಯವು. ಬಹುಪಾಲು ಸಂಸ್ಥೆಗಳಿಗೆ ಆಗ ಹೊಸ ಕಾಯ್ದೆಯ ನೋಂದಣಿಯೇ ಇರಲಿಲ್ಲ. 2017ರ ಮೇ 5ರಂದು ಸುಪ್ರೀಂ ಕೋರ್ಟ್, ತಮಿಳುನಾಡಿನ ಅನಾಥಾಶ್ರಮಗಳ ಪ್ರಕರಣದಲ್ಲಿ, ಆ ವರ್ಷದ ಕೊನೆಯೊಳಗೆ ಎಲ್ಲ ಸಂಸ್ಥೆಗಳನ್ನೂ ನೋಂದಾಯಿಸಬೇಕೆಂದೂ ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಇರಬೇಕೆಂದೂ ಆದೇಶಿಸಿತು. ಮರುವರ್ಷವೇ ಬಿಹಾರದ ಮುಜಫ್ಫರ್‌ಪುರದ ಗೃಹದ ಸಂಗತಿ ಹೊರಬಂತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡವೊಂದು ಸಾಮಾಜಿಕ ಪರಿಶೋಧನೆಗೆ ಹೋಗಿ ಮಕ್ಕಳ ಪಕ್ಕದಲ್ಲಿ ಕುಳಿತು ಮಾತನಾಡಿಸದೆ ಇದ್ದಿದ್ದರೆ ಆ ಹೆಣ್ಣುಮಕ್ಕಳ ಮೇಲೆ ನಡೆಯುತ್ತಿದ್ದ ದೌರ್ಜನ್ಯ ಇನ್ನೆಷ್ಟು ವರ್ಷ ಮುಂದುವರಿಯುತ್ತಿತ್ತೋ. ಅದೂ ಸರ್ಕಾರದ ಹಣ ಪಡೆಯುತ್ತಿದ್ದ ಖಾಸಗಿ ಗೃಹವೇ ಆಗಿತ್ತು.

ಆದ್ದರಿಂದ ತಪಾಸಣೆ ಬೇಕು. ಕಾಯ್ದೆಯ 54ನೇ ಸೆಕ್ಷನ್ ಹೇಳುವಂತೆ ಮೂರು ತಿಂಗಳಿಗೊಮ್ಮೆಯಾದರೂ, ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಇರುವ ತಂಡ ಬರಬೇಕು. ನಾನು ಸಮಿತಿಯಲ್ಲಿದ್ದಾಗ ಕಂಡದ್ದೇನೆಂದರೆ, ತಪಾಸಣೆಗೆ ಬಂದವರು ಗೋಡೆಯನ್ನು ಅಳೆಯುತ್ತಾರೆ, ರಿಜಿಸ್ಟರಿನ ಸಂಖ್ಯೆ ಎಣಿಸುತ್ತಾರೆ. ಮಗುವಿನ ಜೊತೆ ಕೂರುವುದಕ್ಕೆ ಅವರಿಗೆ ಹೊತ್ತು ಉಳಿಯುವುದಿಲ್ಲ. ಅಳತೆಯ ನಿಯಮವನ್ನು ಪಾಲಿಸಿದ್ದಕ್ಕೆ ಟೇಪು ಸಾಕ್ಷಿ ಹೇಳುತ್ತದೆ. ಆಪ್ತಸಮಾಲೋಚಕಿ ಇಲ್ಲದ ಗೃಹದಲ್ಲಿ ಏನು ಕಳೆದುಹೋಗುತ್ತಿದೆ ಎಂಬುದು ಯಾವ ಟೇಪಿಗೂ ಸಿಗುವುದಿಲ್ಲ. ನಿಮ್ಮ ಬರಹದಲ್ಲಿ ನನ್ನನ್ನು ಚಿಂತೆಗೀಡುಮಾಡಿದ್ದು ಒಂಬತ್ತು ಲಕ್ಷದ ಕಟ್ಟಡವಲ್ಲ, ಶಾಲೆಗೆ ಸೇರಿಕೊಂಡ ಆ ಹೆಣ್ಣುಮಗಳು.

ಉತ್ತರ 2: ಕೊಬ್ಬರಿ ವರ್ತಕರು, ತಿಪಟೂರು

ನಾವು ನಾಲ್ಕಾರು ಮಂದಿ ವರ್ತಕರು ಸೇರಿ ಇಂಥದ್ದೊಂದು ಗೃಹಕ್ಕೆ ವರ್ಷಾವರಿ ಅಕ್ಕಿ, ರಾಗಿ ಕೊಡುತ್ತಾ ಬಂದಿದ್ದೇವೆ. ಕೊಬ್ಬರಿ ಬೆಲೆ ಬಿದ್ದ ವರ್ಷದಲ್ಲೂ ಅದನ್ನು ನಿಲ್ಲಿಸಲಿಲ್ಲ. ಈ ಜಿಲ್ಲೆಯಲ್ಲಿ ದಾಸೋಹಕ್ಕೆ ಕೊಡುವುದು ನಮ್ಮ ಅಜ್ಜಂದಿರ ಕಾಲದಿಂದ ಬಂದ ರೂಢಿ. ಸಿದ್ಧಗಂಗೆಯ ಒಲೆಗೆ ಸುಗ್ಗಿಯಲ್ಲಿ ಒಂದು ಪಾಲು ಎತ್ತಿಡದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಗೃಹದವರು ಒಮ್ಮೆ "ಅಕ್ಕಿ ಸಾಕಷ್ಟಿದೆ, ಈ ವರ್ಷ ಗೃಹಮಾತೆಯ ಸಂಬಳಕ್ಕೆ ಕೊಡಿ" ಎಂದು ಕೇಳಿದಾಗ ನಾವು ಮುಖ ಮುಖ ನೋಡಿಕೊಂಡೆವು, ಕೊಡಲಿಲ್ಲ. ಸಂಬಳಕ್ಕೆ ಕೊಟ್ಟ ಹಣ ಮಕ್ಕಳ ಹೊಟ್ಟೆಗೆ ಹೋಗುವುದಿಲ್ಲ ಎಂದು ನಮ್ಮಲ್ಲೊಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದೆವು. ಇದನ್ನು ಓದಿದ ಮೇಲೆ ಅದು ತಪ್ಪಾಯಿತು ಅನ್ನಿಸಿದೆ.

ಉತ್ತರ 3: ಲೆಕ್ಕಪರಿಶೋಧಕರು, ತುಮಕೂರು ನಗರ

ವರ್ತಕರು ಹೇಳಿದ್ದು ಅವರೊಬ್ಬರ ಭಾವನೆಯಾಗಿ ಉಳಿದಿಲ್ಲ, ಕಾನೂನಿನೊಳಕ್ಕೂ ಬಂದಿದೆ. 2020ರ ಅದೇ ತಿದ್ದುಪಡಿಯಲ್ಲಿ, ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪ್ರಮಾಣವನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಲಾಯಿತು. ಯಾವ ಖರ್ಚು ಆಡಳಿತದ್ದು, ಯಾವುದು ಕಾರ್ಯಕ್ರಮದ್ದು ಎಂಬ ವಿಂಗಡಣೆಗೇ ನನ್ನ ಕಕ್ಷಿದಾರರ ಅರ್ಧ ವರ್ಷ ಹೋಗುತ್ತದೆ. ಹಣವೂ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಶಿರಾದ ಪುಟ್ಟ ಟ್ರಸ್ಟಿನವರಿಗೆ ದೆಹಲಿಯಲ್ಲಿ ಖಾತೆ ತೆರೆಸಲು ನಾನು ತಯಾರಿಸಿದ ಕಾಗದಗಳ ಕಟ್ಟು ಮಗ್ಗಿ ಪುಸ್ತಕಕ್ಕಿಂತ ದಪ್ಪವಿತ್ತು.

ಇನ್ನು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್‌ನಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಖರ್ಚು ಮಾಡಬೇಕು. ವಸಂತನರಸಾಪುರದ ಕಾರ್ಖಾನೆಗಳು ಹತ್ತಿರದಲ್ಲೇ ಇವೆ, ಹೋಗಿ ಕೇಳಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ನಾನೂ ಕೆಲವು ಗೃಹಗಳ ಪರವಾಗಿ ಅರ್ಜಿ ಬರೆದುಕೊಟ್ಟಿದ್ದೇನೆ. 2021ರ ಏಪ್ರಿಲ್‌ನಿಂದ, ಈ ನಿಧಿ ಪಡೆಯುವ ಸಂಸ್ಥೆಗಳು ಮಾಡಿಸಬೇಕಾದ ಸಿಎಸ್‌ಆರ್-1 ನೋಂದಣಿ ಇಲ್ಲದೆ ಅರ್ಜಿಯನ್ನೇ ನೋಡುವಂತಿಲ್ಲ. ನೋಡಿದ ಮೇಲೆ ಅವರು ಕೊಡುವುದು ಮಂಚ, ಕಂಪ್ಯೂಟರ್, ನೀರಿನ ಶುದ್ಧೀಕರಣ ಯಂತ್ರ. ಹೆಸರು ಬರೆಸಬಹುದಾದ ವಸ್ತು ಅವರಿಗೆ ಬೇಕು. ಒಂಬತ್ತು ಲಕ್ಷದ ಕಟ್ಟಡ ಕಾಮಗಾರಿಗೆ ಈ ದಾರಿಯಲ್ಲಿ ಪ್ರಯತ್ನಿಸಬಹುದು. ಸಂಬಳಕ್ಕೆ ಪ್ರಯತ್ನಿಸಿ ಪ್ರಯೋಜನವಿಲ್ಲ.

ಒಂದು ಸಣ್ಣ ಸಮಾಧಾನವಿದೆ. ಆದಾಯ ತೆರಿಗೆಯಲ್ಲಿ ದತ್ತಿ ಸಂಸ್ಥೆಗಳೆಲ್ಲ 5 ವರ್ಷಕ್ಕೊಮ್ಮೆ ಮರುನೋಂದಣಿ ಮಾಡಿಸಬೇಕಿತ್ತು. 2025ರ ಹಣಕಾಸು ಕಾಯ್ದೆಯಲ್ಲಿ, ಹಿಂದಿನ ಎರಡೂ ವರ್ಷಗಳಲ್ಲಿ 5 ಕೋಟಿ ಮೀರದ ಆದಾಯವಿರುವ ಸಣ್ಣ ಸಂಸ್ಥೆಗಳಿಗೆ ಅದನ್ನು 10 ವರ್ಷಕ್ಕೆ ಏರಿಸಿದ್ದಾರೆ. ಸಣ್ಣವರಿಗೆ ಕಾಗದದ ಹೊರೆ ಭಾರ ಎಂಬುದನ್ನು ತೆರಿಗೆ ಕಾನೂನು ಒಪ್ಪಿಕೊಂಡಂತಾಯಿತು. ಮಕ್ಕಳ ಸುರಕ್ಷತೆಯ ವಿಚಾರದಲ್ಲಿ ಅವಧಿಯನ್ನು ಹಿಗ್ಗಿಸಿ ಎಂದು ನಾನು ಹೇಳುವುದಿಲ್ಲ, ಆದರೆ ಒಂದೇ ದಾಖಲೆಯ ಪ್ರತಿಯನ್ನು ನೋಂದಣಿಗೆ, ಅನುದಾನಕ್ಕೆ, ತೆರಿಗೆಗೆ, ದೇಣಿಗೆಗೆ ಬೇರೆ ಬೇರೆ ನಮೂನೆಗಳಲ್ಲಿ ಕೊಡುವುದನ್ನಾದರೂ ತಪ್ಪಿಸಬಹುದಲ್ಲವೇ?

ಸಾಲದ ವಿಚಾರವಾಗಿ ನೇರವಾಗಿ ಹೇಳುತ್ತೇನೆ, ಮೇಡಂ: ಮಾಡಬೇಡಿ. ಏಳು ತಿಂಗಳು ತಡವಾಗಿ ಬರುವ ಅನುದಾನವನ್ನು ನಂಬಿ ತಿಂಗಳ ಕಂತು ಕಟ್ಟಲಾಗುವುದಿಲ್ಲ.

ಉತ್ತರ 4: ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿ ಗುತ್ತಿಗೆ ನೌಕರರು, ಜಿಲ್ಲೆ ಹೇಳಲು ಇಚ್ಛಿಸುವುದಿಲ್ಲ

ತಪಾಸಣೆಯವರು ಗೋಡೆ ಅಳೆಯುತ್ತಾರೆ ಎಂಬ ಮಾತು ನನಗೂ ತಾಗಿತು, ಏಕೆಂದರೆ ಆ ಟೇಪು ಹಿಡಿದವರಲ್ಲಿ ನಾನೂ ಒಬ್ಬ. ನಮ್ಮ ಕಡೆಯ ಸ್ಥಿತಿಯನ್ನೂ ದಯವಿಟ್ಟು ಕೇಳಿ. ನಾವು ಖಾಯಂ ನೌಕರರಲ್ಲ. ಗೌರವಧನ ತಡವಾದರೆ ಕೇಳುವುದಕ್ಕೆ ನಮಗೂ ಬಾಗಿಲಿಲ್ಲ. ಒಬ್ಬನೇ ವ್ಯಕ್ತಿ ಬೆಳಿಗ್ಗೆ ಬಾಲ್ಯವಿವಾಹ ತಡೆಯಲು ಓಡಬೇಕು, ಮಧ್ಯಾಹ್ನ ಸಮಿತಿಯ ಮುಂದೆ ಸಾಮಾಜಿಕ ತನಿಖಾ ವರದಿ ಇಡಬೇಕು, ಸಂಜೆ ಆನ್‌ಲೈನ್ ತಂತ್ರಾಂಶಕ್ಕೆ ಮಕ್ಕಳ ವಿವರ ತುಂಬಬೇಕು. ಪಾವಗಡದಂಥ ತಾಲ್ಲೂಕಿನಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಅಷ್ಟು ದೂರದ ಒಂದು ಮನೆಗೆ ಹೋಗಿ ಬರುವುದರಲ್ಲಿ ದಿನ ಕಳೆಯುತ್ತದೆ. ಹೀಗಿರುವಾಗ ಪ್ರತಿ ಗೃಹದಲ್ಲೂ ಮಕ್ಕಳ ಜೊತೆ ಎರಡು ತಾಸು ಕೂರಲು ನನಗೆ ಮನಸ್ಸಿದ್ದರೂ ಆಗುತ್ತಿಲ್ಲ.

ಇನ್ನೊಂದು ವಿಷಯ. 2023ರಲ್ಲಿ ಮಕ್ಕಳ 1098 ಸಹಾಯವಾಣಿಯನ್ನು ಸ್ವಯಂಸೇವಾ ಸಂಸ್ಥೆಗಳಿಂದ ಸರ್ಕಾರದ ವ್ಯವಸ್ಥೆಗೆ ತಂದು ತುರ್ತು ಸಂಖ್ಯೆ 112ರ ಜೊತೆ ಜೋಡಿಸಿದರು. ಸರ್ಕಾರದ ಹೊಣೆಯನ್ನು ಸರ್ಕಾರವೇ ಹೊರುವುದು ಸರಿಯಾದದ್ದೇ. ಆದರೆ ಊರೂರಿನ ಮುಖ ಪರಿಚಯವಿದ್ದ, ಬಸ್ ನಿಲ್ದಾಣದ ಹೂವಾಡಗಿತ್ತಿಯನ್ನೂ ಆಟೋ ಚಾಲಕರನ್ನೂ ಹೆಸರು ಹಿಡಿದು ಕರೆಯುತ್ತಿದ್ದ ಕಾರ್ಯಕರ್ತರಲ್ಲಿ ಅನೇಕರು ಈ ಕ್ಷೇತ್ರವನ್ನೇ ಬಿಟ್ಟರು. ಅವರ ಹತ್ತಿರ ಇದ್ದ ತಿಳಿವಳಿಕೆಯನ್ನು ಯಾವ ಕಡತದಲ್ಲೂ ಹಸ್ತಾಂತರಿಸಲಾಗಲಿಲ್ಲ.

ಉತ್ತರ 5: ಶುಶ್ರೂಷಕಿ, ತುಮಕೂರು. ಗೃಹದಲ್ಲಿ ಬೆಳೆದವಳು

ನಾನು 7ನೇ ವಯಸ್ಸಿನಿಂದ 18ರವರೆಗೆ ಇಂಥದ್ದೇ ಒಂದು ಗೃಹದಲ್ಲಿದ್ದೆ. ಹನ್ನೊಂದು ವರ್ಷದಲ್ಲಿ ಒಂಬತ್ತು ಗೃಹಮಾತೆಯರು ಬಂದು ಹೋದರು. ಮೊದಲನೆಯವರನ್ನು ಅಮ್ಮ ಎನ್ನುತ್ತಿದ್ದೆ. ಅವರು ಸಂಬಳ ಸಾಲದೆ ಗಾರ್ಮೆಂಟ್ಸ್‌ಗೆ ಹೋದ ಮೇಲೆ ಬಂದವರನ್ನು ಆಂಟಿ ಎಂದೆ. ನಾಲ್ಕನೆಯವರಿಂದ ಮುಂದೆ ಮೇಡಂ. ನನ್ನ ತಲೆ ಬಾಚುವಾಗ ಎಲ್ಲಿ ಬೈತಲೆ ತೆಗೆಯಬೇಕೆಂದು ಪ್ರತಿ ಸಲ ಹೊಸದಾಗಿ ಹೇಳಿಕೊಡಬೇಕಿತ್ತು, ಆಮೇಲೆ ನಾನೇ ಬಾಚಿಕೊಳ್ಳಲು ಕಲಿತೆ.

ಕೋಣೆ ಚಿಕ್ಕದಾಗಿತ್ತು, ನಿಜ. ಮಳೆಗಾಲದಲ್ಲಿ ಹಾಸಿಗೆಗೆ ಹಾಸಿಗೆ ತಾಗುತ್ತಿತ್ತು. ಅದನ್ನು ಕಷ್ಟವೆಂದು ನೆನೆಸಿಕೊಳ್ಳುವುದಿಲ್ಲ. ಮೊದಲ ಸಲ ಮುಟ್ಟಾದಾಗ ಇದ್ದ ಮೇಡಂ ಬಂದು ಹದಿನೈದು ದಿನವಾಗಿತ್ತು, ಅವರಿಗೆ ಹೇಳಲಾಗದೆ ಎರಡು ದಿನ ಶಾಲೆಗೆ ಹೋಗದೆ ಹೊಟ್ಟೆನೋವೆಂದು ಮಲಗಿದ್ದೆ. ಇದನ್ನು ಇಂದಿಗೂ ಮರೆತಿಲ್ಲ.

ಆ ಹದಿನಾಲ್ಕು ಮಕ್ಕಳನ್ನು ಎಲ್ಲಿಗೆ ಕಳಿಸಬೇಕೆಂದು ಕೇಳಿದ್ದೀರಿ, ಅಕ್ಕ. ಕಳಿಸಲೇಬೇಕಾದರೆ ಅವರಿಗೆ ಮುಂಚಿತವಾಗಿ ಹೇಳಿ. ನನ್ನ ಗೆಳತಿಯರಿಬ್ಬರನ್ನು ಬೇರೆ ಜಿಲ್ಲೆಗೆ ವರ್ಗ ಮಾಡಿದ್ದು ನಮಗೆ ಗೊತ್ತಾದದ್ದು ಬೆಳಿಗ್ಗೆ ಪೆಟ್ಟಿಗೆ ಕಟ್ಟುವಾಗ.

ಉತ್ತರ 6: ಪೋಷಕ ತಾಯಿ, ಮಧುಗಿರಿ ತಾಲ್ಲೂಕು

ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಒಬ್ಬ ಹುಡುಗ ಪೋಷಕತ್ವದಲ್ಲಿದ್ದಾನೆ, ಅಂದರೆ ದತ್ತು ಪಡೆಯದೆ ಮನೆಯಲ್ಲಿಟ್ಟು ಸಾಕುತ್ತಿದ್ದೇವೆ. ಬರುವಾಗ 9 ವರ್ಷ. ಗೃಹಗಳಿಗಿಂತ ಕುಟುಂಬವೇ ಮೇಲು, ಆದ್ದರಿಂದ ಗೃಹಗಳ ಹಣ ಕಡಿಮೆಯಾದರೆ ತಪ್ಪೇನು ಎಂದು ಕೆಲವರು ಕೇಳುತ್ತಾರೆ. ನನ್ನ ಅನುಭವವನ್ನು ಹೇಳುತ್ತೇನೆ.

ಸರ್ಕಾರದಿಂದ ಅವನ ಹೆಸರಿಗೆ ತಿಂಗಳಿಗೆ 4,000 ರೂಪಾಯಿ. ಅದು ತಡವಾದರೂ ನಾವು ಹೇಗೋ ಸಂಭಾಳಿಸುತ್ತೇವೆ, ಹೊಲವಿದೆ, ಎರಡು ಹಸುಗಳಿವೆ. ಮೊದಲ ಆರು ತಿಂಗಳು ಅವನು ರಾತ್ರಿ ಎದ್ದು ಹಿತ್ತಲಿಗೆ ಹೋಗಿ ಕೂರುತ್ತಿದ್ದ. ತಟ್ಟೆಯ ರೊಟ್ಟಿಯನ್ನು ಚೀಲದಲ್ಲಿ ಬಚ್ಚಿಡುತ್ತಿದ್ದ. ನನ್ನ ಯಜಮಾನರು ಇವನನ್ನು ವಾಪಸು ಬಿಟ್ಟುಬರೋಣ ಎಂದ ದಿನವೂ ಇತ್ತು. ಆಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅವನು ಮೊದಲಿದ್ದ ಗೃಹದ ಸಮಾಜ ಕಾರ್ಯಕರ್ತೆ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬಂದು, ನಮ್ಮ ಪಡಸಾಲೆಯಲ್ಲಿ ಕುಳಿತು, ಅವನ ಹತ್ತಿರವೂ ನಮ್ಮ ಹತ್ತಿರವೂ ಬೇರೆ ಬೇರೆಯಾಗಿ ಮಾತನಾಡಿ ಹೋಗುತ್ತಿದ್ದರು. ಅವರ ಬಸ್ ಚಾರ್ಜನ್ನು ಯಾರು ಕೊಡುತ್ತಿದ್ದರು ಎಂದು ನಾನು ಕೇಳಿರಲಿಲ್ಲ. ಈ ಚರ್ಚೆ ಓದಿದ ಮೇಲೆ ಫೋನು ಮಾಡಿ ಕೇಳಿದೆ. ಸಂಸ್ಥೆಯ ದಾನಿಗಳ ಹಣದಿಂದ ಕೊಡುತ್ತಿದ್ದರಂತೆ, ಪೋಷಕತ್ವದ 4,000 ರೂಪಾಯಿಯಲ್ಲಿ ಆ ಕೆಲಸಕ್ಕೆ ಪಾಲಿಲ್ಲವಂತೆ. ಆ ಗೃಹ ಮುಚ್ಚಿದ್ದರೆ ನಮ್ಮ ಮನೆಗೆ ಯಾರು ಬರುತ್ತಿದ್ದರು?

ಉತ್ತರ 7: ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಸೇವೆಯಲ್ಲಿರುವವರು, ಹುಟ್ಟಿದ್ದು ಗುಬ್ಬಿ ತಾಲ್ಲೂಕು

ಮಧುಗಿರಿಯ ಅಮ್ಮನವರ ಮಾತು ಓದಿ ಬರೆಯುತ್ತಿದ್ದೇನೆ. ಇಲ್ಲಿ ಪೋಷಕ ಕುಟುಂಬಗಳನ್ನು ಹುಡುಕಿ, ತರಬೇತಿ ಕೊಟ್ಟು, ಮನೆಗಳಿಗೆ ಹೋಗಿಬರುವ ಕೆಲಸದಲ್ಲಿ ದೊಡ್ಡ ಪಾಲನ್ನು ಲಾಭರಹಿತ ಖಾಸಗಿ ಸಂಸ್ಥೆಗಳು ಮಾಡುತ್ತವೆ, ಸರ್ಕಾರ ಅವಕ್ಕೆ ಮಗುವಿನ ಲೆಕ್ಕದಲ್ಲಿ ದರ ಕೊಡುತ್ತದೆ. ನೀವು ಊಹಿಸಲಾಗದ ಜಾಗದಿಂದ ಇವಕ್ಕೆ ಸಂಕಟ ಬಂತು. 2024ರಲ್ಲಿ ಇಲ್ಲಿನ ಬಹುಪಾಲು ಪೋಷಕತ್ವ ಸಂಸ್ಥೆಗಳಿಗೆ ವಿಮೆ ನೀಡುತ್ತಿದ್ದ ಕಂಪನಿ, ಮೊಕದ್ದಮೆಗಳ ಪರಿಹಾರದ ಮೊತ್ತ ಮಿತಿಮೀರಿದೆ ಎಂದು, ಅವುಗಳ ವಿಮೆಯನ್ನು ನವೀಕರಿಸುವುದಿಲ್ಲವೆಂದು ಘೋಷಿಸಿತು. ವಿಮೆಯಿಲ್ಲದೆ ಸಂಸ್ಥೆ ನಡೆಸುವಂತಿಲ್ಲ. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಪರಿಹಾರ ಕೇಳುವ ಹಕ್ಕು ನ್ಯಾಯವಾದದ್ದೇ, ಆದರೆ ಅದರ ವೆಚ್ಚವನ್ನು ದರದಲ್ಲಿ ಸೇರಿಸಿಕೊಡುವವರು ಇರಲಿಲ್ಲ.

2018ರ ಫೆಬ್ರವರಿಯಲ್ಲಿ ಬಂದ ಫ್ಯಾಮಿಲಿ ಫಸ್ಟ್ ಕಾಯ್ದೆಯೂ ಇಲ್ಲಿದೆ. ಗುಂಪು ಗೃಹದಲ್ಲಿ ಮಗು ಎರಡು ವಾರಕ್ಕಿಂತ ಹೆಚ್ಚು ಇದ್ದರೆ, ಆ ಗೃಹ ವಿಶೇಷ ಚಿಕಿತ್ಸಾ ಮಾನದಂಡ ಪೂರೈಸಿದ ಹೊರತು ಮತ್ತು ಇನ್ನು ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಒಕ್ಕೂಟ ಸರ್ಕಾರದ ನೆರವು ನಿಲ್ಲುತ್ತದೆ. ಉದ್ದೇಶ ಒಳ್ಳೆಯದು. ಆದರೆ ಗುಂಪು ಗೃಹದ ಹಾಸಿಗೆ ಕಡಿಮೆಯಾದಷ್ಟು ಬೇಗ ಕುಟುಂಬಗಳು ಸಿದ್ಧವಾಗುವುದಿಲ್ಲ. ಮಗುವನ್ನು ಎಲ್ಲಿಡಬೇಕೆಂದು ತೋಚದೆ ಕಚೇರಿಯ ಕೋಣೆಯಲ್ಲಿ, ಹೋಟೆಲಿನಲ್ಲಿ ರಾತ್ರಿ ಮಲಗಿಸಿದ ಪ್ರಸಂಗಗಳು ಈ ದೇಶದ ಹಲವು ರಾಜ್ಯಗಳಲ್ಲಿ ನಡೆದಿವೆ. ಇಷ್ಟು ಶ್ರೀಮಂತ ದೇಶದಲ್ಲಿ ಹೀಗಾದರೆ ಪಾವಗಡದ ಮಗುವಿನ ಗತಿ ಏನೆಂದು ಯೋಚಿಸುತ್ತೇನೆ.

ಉತ್ತರ 8: ಮಾಜಿ ಸದಸ್ಯರು, ಕುಣಿಗಲ್ (ಎರಡನೆಯ ಬಾರಿ)

ಗುಬ್ಬಿಯವರು ಹೇಳಿದ್ದನ್ನು ನಾವು ಇಲ್ಲೇ ಕಂಡಿದ್ದೇವೆ. 2020ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಪತ್ರ ಬರೆದು, ಗೃಹಗಳಲ್ಲಿರುವ ಮಕ್ಕಳನ್ನು 100 ದಿನದೊಳಗೆ ಕುಟುಂಬಗಳಿಗೆ ಸೇರಿಸಲು ಕ್ರಮ ಕೈಗೊಳ್ಳಿ ಎಂದಿತು. ಕೋವಿಡ್‌ನಲ್ಲಿ ಕೂಲಿ ಕಳೆದುಕೊಂಡ ಮನೆಗಳವು. ಪ್ರತಿ ಮಗುವಿನ ಮನೆಯನ್ನೂ ಬೇರೆಯಾಗಿ ನೋಡದೆ ಗಡುವು ಹಾಕುವುದು ಹೇಗೆ ಎಂಬ ಪ್ರಶ್ನೆ ಎದ್ದು ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮನೆಗೆ ಮರಳಿದ ಹೆಣ್ಣುಮಕ್ಕಳಲ್ಲಿ ಇಬ್ಬರ ಮದುವೆಯನ್ನು ತಡೆಯಲು ನಾನೇ ಓಡಾಡಿದ್ದೇನೆ. ಒಂದನ್ನು ತಡೆಯಲಾಯಿತು.

ಮಕ್ಕಳು ಕುಟುಂಬದಲ್ಲಿ ಬೆಳೆಯಬೇಕೆಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಪೋಷಕತ್ವದ 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಒಂಟಿಯಾಗಿರುವವರೂ ಪೋಷಕರಾಗಬಹುದೆಂದು ಅವಕಾಶ ಕೊಟ್ಟಿದ್ದಾರೆ, ಎರಡು ವರ್ಷದ ಪೋಷಕತ್ವದ ನಂತರ ಅದೇ ಮಗುವನ್ನು ದತ್ತು ಪಡೆಯಬಹುದೆಂದಿದ್ದಾರೆ, ಮೊದಲು ಅದಕ್ಕೆ 5 ವರ್ಷ ಬೇಕಿತ್ತು. ಇವೆಲ್ಲ ಸ್ವಾಗತಾರ್ಹ. ಆದರೆ ಮನೆಯನ್ನು ಪರಿಶೀಲಿಸಿ ವರದಿ ಬರೆಯುವ, ಮಗುವನ್ನು ಸಿದ್ಧಗೊಳಿಸುವ, ಆರು ತಿಂಗಳು ಬಸ್ಸು ಹತ್ತಿ ಹೋಗಿಬರುವ ಕೆಲಸಗಾರರು ಇಂದು ಇರುವುದು ಬಹುತೇಕ ಈ ಖಾಸಗಿ ಗೃಹಗಳಲ್ಲೇ. ಅವರ ಸಂಬಳವನ್ನು ಗೃಹದ ಆಡಳಿತ ವೆಚ್ಚವೆಂದು ಬರೆದು ಕಡಿತ ಮಾಡಿದರೆ, ಕಡಿತವಾಗುವುದು ಮಗು ಮನೆ ಸೇರುವ ದಾರಿಯೇ.

ಕಾರ್ಯದರ್ಶಿಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮುಚ್ಚಬೇಡಿ, ಸಾಮೂಹಿಕ ಪೋಷಕತ್ವಕ್ಕೂ ಅವಸರಪಡಬೇಡಿ. ಸಂಖ್ಯೆ ಇಳಿಸಿ ಅರ್ಜಿ ಹಾಕಿ. 22 ಮಕ್ಕಳಲ್ಲಿ ಪ್ರಾಯೋಜಕತ್ವದ, ಅಂದರೆ ಮಗು ಸ್ವಂತ ಮನೆಯಲ್ಲೇ ಬೆಳೆಯಲೆಂದು ಸರ್ಕಾರ ತಿಂಗಳಿಗೆ ಕೊಡುವ, 4,000 ರೂಪಾಯಿ ಕೈಗೆ ಬಂದರೆ ಮನೆಯಲ್ಲೇ ಉಳಿಯಬಲ್ಲವರು ಎಷ್ಟು ಮಂದಿ ಎಂದು ಒಬ್ಬೊಬ್ಬರದನ್ನೂ ನೋಡಿ. ಹಳ್ಳಿಯಲ್ಲಿ ವಾರ್ಷಿಕ ಆದಾಯ 72,000 ಮೀರಬಾರದೆಂಬ ಮಿತಿಯಿದೆ, ಅಜ್ಜಿಯಂದಿರ ಮನೆಗಳಿಗೆ ಅದು ಅಡ್ಡಿಯಾಗಲಾರದು. ನೋಂದಣಿಯ ನಿರ್ಧಾರಕ್ಕೆ 2021ರ ತಿದ್ದುಪಡಿಯ ಮೇಲೆ ಜಿಲ್ಲಾಧಿಕಾರಿಗಳ ಶಿಫಾರಸೂ ಬೇಕಾಗಿರುವುದರಿಂದ, ಅರ್ಜಿಯ ಜೊತೆ ಮಗುವಾರು ಯೋಜನೆಯನ್ನು ಇಟ್ಟು ಖುದ್ದಾಗಿ ವಿವರಿಸಿ.

ಮೂಲ ಬರಹಗಾರರಿಂದ

ಎಲ್ಲರಿಗೂ ಋಣಿ. ಹತ್ತು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸಿ. ಈ ಹತ್ತು ದಿನ ನಾನು ಮತ್ತು ನಮ್ಮ ಸಮಾಜ ಕಾರ್ಯಕರ್ತೆ 22 ಮಕ್ಕಳ ವೈಯಕ್ತಿಕ ಪಾಲನಾ ಯೋಜನೆಗಳನ್ನು ಹರಡಿಕೊಂಡು ಕುಳಿತಿದ್ದೆವು, ಏಳು ಮನೆಗಳಿಗೆ ಹೋಗಿಬಂದೆವು.

ಪ್ರಾಯೋಜಕತ್ವ ಸಿಕ್ಕರೆ ಮನೆಗೆ ಮರಳಬಲ್ಲವರು ಐವರು ಎನಿಸಿದೆ. ಆರನೆಯವಳ ಅಜ್ಜಿ ಕಣ್ಣಿನ ಪೊರೆಯಿಂದ ನಮ್ಮ ಗುರುತು ಹಿಡಿಯಲಿಲ್ಲ, ಏಳನೆಯವಳ ಮನೆಯಲ್ಲಿ ಮಲತಂದೆ ಮಾತನಾಡಿದ ರೀತಿ ನಮ್ಮಿಬ್ಬರಿಗೂ ಸರಿ ಕಾಣಲಿಲ್ಲ. ಅವರಿಬ್ಬರೂ ನಮ್ಮಲ್ಲೇ ಇರುತ್ತಾರೆ. 17 ಮಕ್ಕಳಿಗೆ ನವೀಕರಣದ ಅರ್ಜಿ ಹಾಕುತ್ತೇವೆ. ಆಗ ಶೌಚಾಲಯ ಒಂದು ಕಟ್ಟಿಸಿದರೆ ಸಾಕು, ಆರೋಗ್ಯ ಕೋಣೆಗೆ ನಮ್ಮ ತಂದೆಯವರ ಮಲಗುವ ಕೋಣೆಯನ್ನು ತೆರವು ಮಾಡುತ್ತಿದ್ದೇವೆ. ಮೆಟ್ಟಿಲಿಗಾಗಿ ಲೆಕ್ಕಪರಿಶೋಧಕರು ಕಾರ್ಖಾನೆಯೊಂದಕ್ಕೆ ಅರ್ಜಿ ಬರೆದುಕೊಟ್ಟಿದ್ದಾರೆ, ಶುಲ್ಕ ತೆಗೆದುಕೊಳ್ಳಲಿಲ್ಲ.

ಐವರು ಹೋದರೆ ಅವರ ಲೆಕ್ಕದ ತಿಂಗಳ 15,000 ರೂಪಾಯಿ ಅನುದಾನವೂ ಹೋಗುತ್ತದೆ. ಆದರೆ ಗೃಹಮಾತೆ, ಅಡುಗೆಯವರು, ಸಮಾಜ ಕಾರ್ಯಕರ್ತೆ ಯಾರನ್ನೂ ಕಡಿಮೆ ಮಾಡಲಾಗುವುದಿಲ್ಲ. ಮನೆಗೆ ಮರಳಿದ ಐವರನ್ನು ನೋಡಿಬರುವ ಓಡಾಟ ಹೊಸದಾಗಿ ಸೇರುತ್ತದೆ. ಮಗುವನ್ನು ಮನೆಗೆ ಸೇರಿಸಿದ ಗೃಹಕ್ಕೆ ಕನಿಷ್ಠ ಒಂದು ವರ್ಷ ಆ ಭೇಟಿಗಳ ವೆಚ್ಚವನ್ನು ಕೊಡಬೇಕೆಂದು ಜಿಲ್ಲಾಧಿಕಾರಿಗಳಿಗೂ ರಾಜ್ಯದ ಮಕ್ಕಳ ರಕ್ಷಣಾ ನಿರ್ದೇಶನಾಲಯಕ್ಕೂ ಮನವಿ ಬರೆದಿದ್ದೇನೆ. ಇದಕ್ಕೆ ಸಹಿ ಹಾಕಲು ಬಯಸುವ ಗೃಹಗಳವರು ದಯವಿಟ್ಟು ಈ ತಿಂಗಳ ಕೊನೆಯೊಳಗೆ ತಿಳಿಸಿ.

ತಿಪಟೂರಿನ ವರ್ತಕರು ತಮ್ಮ ಗೆಳೆಯರೊಡನೆ ಮಾತನಾಡಿ, ಅವರ ಊರಿನ ಗೃಹಕ್ಕೂ ನಮಗೂ ಸೇರಿ ಒಬ್ಬರು ಆಪ್ತಸಮಾಲೋಚಕಿಯ ಸಂಬಳವನ್ನು ಒಂದು ವರ್ಷ ಕೊಡುವುದಾಗಿ ಹೇಳಿದ್ದಾರೆ. ವಾರಕ್ಕೆ ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ. ಸಮಾಜ ಕಾರ್ಯದಲ್ಲಿ ಅಥವಾ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ, ಬಸ್ಸಿನಲ್ಲಿ ಓಡಾಡಲು ಹಿಂಜರಿಯದ ಹೆಣ್ಣುಮಕ್ಕಳು ನಿಮಗೆ ಗೊತ್ತಿದ್ದರೆ ಹೇಳಿ.

ಶುಶ್ರೂಷಕಿ ತಂಗಿಗೆ: ಐವರಿಗೂ ನಿನ್ನೆ ಸಂಜೆ ಹೇಳಿದೆವು, ಹೋಗುವುದಕ್ಕೆ ಇನ್ನೂ ಎರಡು ತಿಂಗಳಿದೆ. ಇಬ್ಬರು ಸಂತೋಷಪಟ್ಟರು, ಒಬ್ಬಳು ಏನೂ ಮಾತನಾಡಲಿಲ್ಲ, ಉಳಿದಿಬ್ಬರು ಪರೀಕ್ಷೆ ಮುಗಿಸಿಕೊಂಡು ಹೋಗುತ್ತೇವೆ ಎಂದರು.